ತೂತಿಲ್ಲದ ಗಾಜಿನಲ್ಲಿ ಆರ್ಕಿಡ್: ನಿಮ್ಮ ಪ್ರಶ್ನೆ, ನನ್ನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಆರ್ಕಿಡ್‌ಗಳದ್ದೇ ಮೇಲುಗೈ. ಅದರಲ್ಲೂ ಗಾಜಿನ ಬಟ್ಟಲು, ಜಾಡಿ, ಹೂದಾನಿಯಲ್ಲಿ ಕೂತ ಆರ್ಕಿಡ್. ಗೃಹಪ್ರವೇಶಕ್ಕೆ, ಹುಟ್ಟುಹಬ್ಬಕ್ಕೆ ಈಗ ಇದೇ ಉಡುಗೊರೆ ಅಲ್ವಾ? ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇನೆ. ನಾನು ಹುಟ್ಟಿ ಬೆಳೆದದ್ದು ಕೊಪ್ಪದ ಕಡೆ, ಈಗ ಇರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಹಲಸಿನ ಮರದ ಮೇಲಿನ ಆರ್ಕಿಡ್ ನೋಡಿಕೊಂಡೇ ದೊಡ್ಡವಳಾದೆ, ಈಗ ಕಿಟಕಿಯ ಹಲಗೆ ಮೇಲೆ ಗಾಜಿನಲ್ಲಿ ಬೆಳೆಸುತ್ತೇನೆ. ಗಾಜಿನಲ್ಲಿ ಆರ್ಕಿಡ್ ಖಂಡಿತ ಬೆಳೆಯುತ್ತದೆ. ಪಾತ್ರೆಗೆ ತೂತಿಲ್ಲದಿದ್ದರೆ ಆ ತೂತಿನ ಕೆಲಸವನ್ನು ನೀವು ಮಾಡಬೇಕು, ಅಷ್ಟೇ. ಕೆಳಗಿನ ಉತ್ತರಗಳಲ್ಲೆಲ್ಲ ನಾನು ಹೇಳುವುದು ಇದನ್ನೇ.

ಪ್ರಶ್ನೆ: ಬಿಳಿ ಹೂವಿನ ಫಲೆನಾಪ್ಸಿಸ್ ಆರ್ಕಿಡ್ ಉಡುಗೊರೆ ಬಂದಿತ್ತು. ದುಂಡನೆಯ ಗಾಜಿನ ಬಟ್ಟಲು, ತಳದಲ್ಲಿ ಬಣ್ಣದ ಕಲ್ಲು, ಮೇಲೆ ಇದ್ದಿಲು, ಅದರ ಮೇಲೆ ಒಣ ಮಾಸ್ (ಹಾವಸೆ). ತೂತಿಲ್ಲ. ‘ಕಲ್ಲು ಇದೆಯಲ್ಲ, ಜಾಸ್ತಿ ನೀರು ಕೆಳಗೆ ಇಳಿಯುತ್ತೆ’ ಅಂದಿದ್ದರು. ಈಗ ಎಲೆಗಳು ಸುಕ್ಕಾಗಿ ಜೋತುಬಿದ್ದಿವೆ. ದಿನಾ ನೀರು ಹಾಕಿದರೂ ಚೇತರಿಸಿಕೊಳ್ಳುತ್ತಿಲ್ಲ.
– ನಿವೃತ್ತ ಶಿಕ್ಷಕಿ, ಮೈಸೂರು

ದಯವಿಟ್ಟು ಇವತ್ತೇ ನೀರು ನಿಲ್ಲಿಸಿ. ನಿಮ್ಮ ಗಿಡದ ಎಲೆಗೆ ಬಾಯಾರಿಕೆ ಆಗಿರುವುದು ನಿಜ. ಆದರೆ ನೀರು ಕುಡಿಯಬೇಕಾದ ಬೇರುಗಳೇ ಸತ್ತಿರಬಹುದು. ಎಲೆ ಸುಕ್ಕಾಯಿತು ಅಂತ ನೀರು ಹಾಕುತ್ತೇವೆ, ಉಳಿದ ಬೇರೂ ಕೊಳೆಯುತ್ತದೆ, ಎಲೆ ಇನ್ನೂ ಸುಕ್ಕಾಗುತ್ತದೆ. ಫಲೆನಾಪ್ಸಿಸ್ ಸಾಯುವುದು ಹೆಚ್ಚಾಗಿ ಹೀಗೆ, ಪ್ರೀತಿ ಜಾಸ್ತಿಯಾಗಿ.

ಕಲ್ಲಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಈ ಮಾತನ್ನು ನರ್ಸರಿಯವರೂ ಹೇಳುತ್ತಾರೆ, ವಿಡಿಯೊಗಳಲ್ಲೂ ಹೇಳುತ್ತಾರೆ. ಪಾತ್ರೆ ತೊಳೆಯುವ ಸ್ಪಂಜನ್ನು ಚೆನ್ನಾಗಿ ಒದ್ದೆ ಮಾಡಿ ಕಲ್ಲಿನ ರಾಶಿಯ ಮೇಲೆ ಇಟ್ಟು ನೋಡಿ. ಒಂದಿಷ್ಟು ನೀರು ತೊಟ್ಟಿಕ್ಕುತ್ತದೆ, ಆಮೇಲೆ ನಿಂತುಬಿಡುತ್ತದೆ. ಸ್ಪಂಜು ಒದ್ದೆಯಾಗಿಯೇ ಇರುತ್ತದೆ. ಮಾಸ್ ಮಾಡುವುದೂ ಇದನ್ನೇ. ಸಣ್ಣ ಸಣ್ಣ ಸಂದುಗಳಿರುವ ವಸ್ತು ನೀರನ್ನು ಹಿಡಿದುಕೊಳ್ಳುತ್ತದೆ, ಕೆಳಗಿರುವ ದಪ್ಪ ಕಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ಕಲ್ಲಿನ ಪದರಕ್ಕಿಂತ ಮೇಲೆ, ಸರಿಯಾಗಿ ಬೇರು ಇರುವ ಜಾಗದಲ್ಲೇ ನೀರು ನಿಲ್ಲುತ್ತದೆ. ಕಲ್ಲು ಹಾಕಿದ್ದರಿಂದ ಆಗಿದ್ದು ಒಂದೇ: ಬೇರಿಗೆ ಸಿಗಬೇಕಾದ ಜಾಗ ಕಡಿಮೆಯಾಯಿತು. ಇದ್ದಿಲೂ ಅಷ್ಟೇ. ಅದು ವಾಸನೆಯನ್ನು ಸ್ವಲ್ಪ ತಡೆಯಬಹುದು, ನಿಂತ ನೀರನ್ನು ಖಾಲಿ ಮಾಡುವುದಿಲ್ಲ.

ಇನ್ನು ಬೇರಿನ ವಿಷಯ. ಫಲೆನಾಪ್ಸಿಸ್ ಮಣ್ಣಿನ ಗಿಡ ಅಲ್ಲ. ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಮರದ ಕೊಂಬೆಗೆ ಅಂಟಿಕೊಂಡು, ಎಲೆ ಕೆಳಮುಖವಾಗಿ ಜೋತಾಡುತ್ತ ಬೆಳೆಯುತ್ತದೆ. ಬೇರಿನ ಸುತ್ತ ವೆಲಮೆನ್ ಅಂತ ಒಂದು ಬಿಳಿ ಪದರ ಇದೆ. ಅದರಲ್ಲಿರುವುದು ಸತ್ತ, ಟೊಳ್ಳು ಕೋಶಗಳು. ಮಳೆ ಬಿದ್ದ ತಕ್ಷಣ ನೀರು ಹೀರಿ ಇಟ್ಟುಕೊಳ್ಳುತ್ತವೆ, ಮಳೆ ನಿಂತ ಮೇಲೆ ಒಣಗಿ ಗಾಳಿ ತುಂಬಿಕೊಳ್ಳುತ್ತವೆ. ನಿಮ್ಮ ಗಿಡದಲ್ಲಿ ಬಟ್ಟಲಿನ ಹೊರಗೆ ಚಾಚಿದ ಬೇರು ಇದ್ದರೆ ಅದರ ಮೇಲೆ ಒಂದು ಹನಿ ನೀರು ಬಿಡಿ. ಬೆಳ್ಳಿಯಂತೆ ಬೂದುಬಿಳಿ ಇದ್ದದ್ದು ಕಣ್ಣೆದುರೇ ಹಸಿರಾಗುತ್ತದೆ. ಪದರ ನೀರು ಕುಡಿದು ಪಾರದರ್ಶಕವಾಯಿತು, ಒಳಗಿನ ಹಸಿರು ಕಂಡಿತು. ಹೌದು, ಈ ಬೇರುಗಳಲ್ಲೂ ಪತ್ರಹರಿತ್ತು ಇದೆ.

ಒದ್ದೆ, ಆಮೇಲೆ ಒಣ, ಮತ್ತೆ ಒದ್ದೆ. ಈ ಬೇರು ಬಯಸುವುದು ಇದನ್ನು. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಸುಮಾರು 10 ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಕದಲದೆ ನಿಂತ ನೀರಿನೊಳಗೆ ಸಿಕ್ಕಿಕೊಂಡ ಬೇರು ಇದ್ದಬದ್ದ ಆಮ್ಲಜನಕವನ್ನು ಬೇಗ ಮುಗಿಸುತ್ತದೆ, ಹೊಸದು ಬಂದು ಸೇರುವುದಿಲ್ಲ. ಉಸಿರುಗಟ್ಟಿದ ಬೇರಿಗೆ ಶಿಲೀಂಧ್ರ, ಬ್ಯಾಕ್ಟೀರಿಯಾ ಹತ್ತುತ್ತವೆ. ಕೊಳೆ ಶುರುವಾಗುವುದು ಹೀಗೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಗಿಡವನ್ನು ಹೊರಗೆ ತೆಗೆಯಿರಿ. ಮಾಸ್ ಪೂರ್ತಿ ಬಿಡಿಸಿ. ಬೇರಿನ ಗೊಂಚಲಿನ ನಟ್ಟನಡುವೆ ಒಂದು ಗಟ್ಟಿ ಮಾಸ್ ಉಂಡೆ ಸಿಕ್ಕರೂ ಸಿಗಬಹುದು. ಗಿಡ ಚಿಕ್ಕದಾಗಿದ್ದಾಗ ಅದನ್ನು ನೆಟ್ಟ ಸಣ್ಣ ಪ್ಲಗ್ ಅದು. ಹೊರಗಿನದು ಒಣಗಿದ್ದರೂ ಅದು ಒದ್ದೆಯಾಗಿಯೇ ಇರುತ್ತದೆ, ಕೊಳೆ ಎಷ್ಟೋ ಸಲ ಶುರುವಾಗುವುದೇ ಅಲ್ಲಿಂದ. ಅದನ್ನೂ ನಿಧಾನವಾಗಿ ತೆಗೆಯಿರಿ. ಬೇರುಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ಜೀವ ಇದೆ, ಬಣ್ಣ ಸ್ವಲ್ಪ ಕಂದಾಗಿದ್ದರೂ ಪರವಾಗಿಲ್ಲ. ಮೆತ್ತಗಾಗಿ, ಎಳೆದರೆ ಹೊರಗಿನ ಸಿಪ್ಪೆ ಜಾರಿ ಬಂದು ಒಳಗೆ ದಾರದಂಥ ಎಳೆ ಮಾತ್ರ ಉಳಿದರೆ ಅದು ಸತ್ತ ಬೇರು. ಕತ್ತರಿಯನ್ನು ಬೆಂಕಿಗೆ ಹಿಡಿದು ಅಥವಾ ಸ್ಪಿರಿಟ್‌ನಲ್ಲಿ ಒರೆಸಿ, ಸತ್ತದ್ದನ್ನು ಕತ್ತರಿಸಿ. ಕೊಯ್ದ ತುದಿಗೆ ಮಾತ್ರ ಚಿಟಿಕೆ ದಾಲ್ಚಿನ್ನಿ ಪುಡಿ ಹಚ್ಚಬಹುದು. ಒಳ್ಳೆಯ ಬೇರಿಗೆ ತಾಗಿಸಬೇಡಿ, ಅದು ಬೇರನ್ನು ಒಣಗಿಸುತ್ತದೆ. ಒಂದು ದಿನ ನೆರಳಲ್ಲಿ ಹಾಗೇ ಬಿಡಿ.

ಆಮೇಲೆ ಅದೇ ಬಟ್ಟಲಿಗೆ ವಾಪಸ್ ಬೇಡ. ಪಕ್ಕದಲ್ಲೆಲ್ಲ ತೂತಿರುವ ಪ್ಲಾಸ್ಟಿಕ್ ಕುಂಡದಲ್ಲಿ ದಪ್ಪ ತೊಗಟೆ ಚೂರು, ಇದ್ದಿಲು, ತೆಂಗಿನ ಮಟ್ಟೆಯ ತುಂಡು ಸೇರಿಸಿ ನೆಡಿ. ತೆಂಗಿನ ಮಟ್ಟೆಯಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ನೀರು ಬದಲಿಸಿ ನೆನೆಸಿಟ್ಟು ಬಳಸಿ. ಹೂವಿನ ಕಡ್ಡಿ ಇನ್ನೂ ಇದ್ದರೆ ಮನಸ್ಸು ಗಟ್ಟಿ ಮಾಡಿ ಕತ್ತರಿಸಿಬಿಡಿ. ಇರುವ ಶಕ್ತಿ ಬೇರಿಗೆ ಹೋಗಲಿ. ಸುಕ್ಕಾದ ಹಳೆಯ ಎಲೆ ಪೂರ್ತಿ ನೇರ ಆಗದೇ ಇರಬಹುದು. ಹೊಸ ಎಲೆ ಗಟ್ಟಿಯಾಗಿ ಬಂದರೆ ಗೆದ್ದಿರಿ.

ಪ್ರಶ್ನೆ: ನನಗೆ ಗಾಜೇ ಬೇಕು. ಬೇರು ಕಾಣಿಸುವುದೇ ಅದರ ಚೆಂದ. ತೂತಿಲ್ಲದ ಗಾಜಿನಲ್ಲಿ ಸರಿಯಾಗಿ ಬೆಳೆಸುವುದು ಹೇಗೆ?
– ಓದುಗರು, ದಾವಣಗೆರೆ

ಬೇರು ಕಾಣುವುದು ಬರೀ ಚೆಂದಕ್ಕಲ್ಲ, ಉಪಯೋಗಕ್ಕೂ ಬರುತ್ತದೆ. ಮಣ್ಣಿನ ಕುಂಡದಲ್ಲಿ ಊಹೆ ಮಾಡಬೇಕಾದ್ದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಬೇರು ಹಸಿರಾಗಿದ್ದರೆ, ಗಾಜಿನ ಒಳಗೋಡೆಯಲ್ಲಿ ಮಂಜು ಹನಿ ಕಟ್ಟಿದ್ದರೆ, ನೀರು ಬೇಡ. ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿ ಗಾಜು ತಿಳಿಯಾಗಿದ್ದರೆ ಕೊಡಿ.

ಮೂರು ದಾರಿ ಇವೆ. ಮೊದಲನೆಯದು ಅತ್ಯಂತ ಸುಲಭ, ಹೊಸಬರಿಗೆಲ್ಲ ನಾನು ಹೇಳುವುದು ಇದನ್ನೇ. ಗಿಡ ತೂತಿರುವ ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲೇ ಇರಲಿ, ಆ ಕುಂಡವನ್ನು ಗಾಜಿನೊಳಗೆ ಇಡಿ. ಸುತ್ತ ಬೆರಳಗಲ ಜಾಗ ಬಿಡಿ. ನೀರು ಹಾಕುವಾಗ ಒಳಕುಂಡ ತೆಗೆದು, ಸಿಂಕಿನಲ್ಲಿ ನೀರು ಹಾಯಿಸಿ, ಪೂರ್ತಿ ಬಸಿದ ಮೇಲೆ ವಾಪಸ್ ಇಡಿ. ಇಷ್ಟೇ.

ಎರಡನೆಯದು ಲೇಕಾ. ಸುಟ್ಟ ಜೇಡಿಮಣ್ಣಿನ ಹಗುರ ಗುಂಡುಗಳು, ಈಗ ಹಲವು ನರ್ಸರಿಗಳಲ್ಲಿ ಸಿಗುತ್ತವೆ. ತೊಳೆದು, ಒಂದು ದಿನ ನೆನೆಸಿಡಿ. ಗಿಡದ ಬೇರು ತೊಳೆದು ಹಳೆಯ ತೊಗಟೆ ಚೂರು ಒಂದೂ ಉಳಿಯದಂತೆ ನೋಡಿಕೊಳ್ಳಿ, ಉಳಿದರೆ ಅದು ಕೊಳೆಯುತ್ತದೆ. ಗಾಜಿನಲ್ಲಿ ಗುಂಡುಗಳ ನಡುವೆ ಬೇರು ಹರಡಿ ಕೂರಿಸಿ, ತಳದಲ್ಲಿ ಒಂದು ಇಂಚು ನೀರು ಮಾತ್ರ ಇರಲಿ. ಬೇರಿನ ತುದಿ ಆ ನೀರಿಗೆ ಮುಟ್ಟದಂತೆ ಕೂರಿಸಿ. ಗುಂಡುಗಳು ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತವೆ, ಗುಂಡುಗಳ ನಡುವಿನ ದೊಡ್ಡ ಸಂದುಗಳಲ್ಲಿ ಗಾಳಿ ಉಳಿಯುತ್ತದೆ. ಪ್ಲಾಸ್ಟಿಕ್ ಪಾತ್ರೆಯಲ್ಲಾದರೆ ಇಂಚಿನ ಎತ್ತರದಲ್ಲಿ ಪಕ್ಕಕ್ಕೆ ಒಂದು ತೂತು ಕೊರೆದು ಹೆಚ್ಚಿನ ನೀರು ಹೊರಹೋಗುವ ಹಾಗೆ ಮಾಡುತ್ತಾರೆ. ನಿಮ್ಮ ಗಾಜಿಗೆ ಅದಿಲ್ಲ. ಹಾಗಾಗಿ ಗಾಜಿನ ಹೊರಗೆ ಒಂದು ಇಂಚಿಗೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಗೆರೆ ದಾಟಿದರೆ ಬಗ್ಗಿಸಿ ಚೆಲ್ಲಿ.

ಮೂರನೆಯದು ಬರೀ ನೀರು. ಗಾಜು, ಬೇರು, ಮತ್ತೇನೂ ಇಲ್ಲ. ವಾರದಲ್ಲಿ ಎರಡು ದಿನ ಬೇರಿನ ಕೆಳಭಾಗ ನೀರಿನಲ್ಲಿ, ಐದು ದಿನ ಖಾಲಿ ಗಾಜಿನಲ್ಲಿ. ಬುಡ, ಅಂದರೆ ಎಲೆ ಹುಟ್ಟುವ ಜಾಗ, ಯಾವತ್ತೂ ನೀರಿಗೆ ತಾಗಬಾರದು. ನೋಡಲು ಇದೇ ಎಲ್ಲಕ್ಕಿಂತ ಸುಂದರ. ಆದರೆ ದಾವಣಗೆರೆಯ ಏಪ್ರಿಲ್ ಸೆಕೆಯಲ್ಲಿ ಎಚ್ಚರ ಬೇಕು. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಬೇರಿನ ಉಸಿರಾಟ ಜೋರಾಗಿರುತ್ತದೆ. ಬೇಸಿಗೆಯಲ್ಲಿ ಎರಡು ದಿನ ಅನ್ನುವುದನ್ನು ಕೆಲವು ಗಂಟೆಗೆ ಇಳಿಸಿ, ಬೇಕಿದ್ದರೆ ವಾರಕ್ಕೆ ಎರಡು ಮೂರು ಸಲ ಕೊಡಿ.

ಲೇಕಾಗೋ ನೀರಿಗೋ ಗಿಡವನ್ನು ದಾಟಿಸಲು ಸರಿಯಾದ ಸಮಯ ಹೊಸ ಬೇರು ಮೂಡುವಾಗ. ತೊಗಟೆಯಲ್ಲಿ ಬೆಳೆದ ಹಳೆಯ ಬೇರು ಒದ್ದೆ ವಾತಾವರಣಕ್ಕೆ ಅಷ್ಟಾಗಿ ಒಗ್ಗುವುದಿಲ್ಲ, ಒಂದಿಷ್ಟು ಸತ್ತೇ ಸಾಯುತ್ತವೆ. ಅಲ್ಲೇ ಹುಟ್ಟಿದ ಹೊಸ ಬೇರು ಅಲ್ಲಿಗೆ ಹೊಂದಿಕೊಂಡೇ ಬೆಳೆಯುತ್ತದೆ. ಹಸಿರು ತುದಿಯ ಚಿಕ್ಕ ಮೊಳಕೆ ಬುಡದಲ್ಲಿ ಕಾಣಿಸುವ ತನಕ ಕಾಯಿರಿ. ಹೂವು ಇರುವಾಗ ಮುಟ್ಟಲೇಬೇಡಿ.

ಇನ್ನೊಂದು. ಗಾಜಿನ ಮೇಲೆ ನೇರ ಬಿಸಿಲು ಬೀಳಬಾರದು. ಒಳಗೆ ಬಿಸಿ ಏರಿ ಬೇರು ಬೆಂದುಹೋಗುತ್ತದೆ. ಬೆಳಗಿನ ಎಳೆ ಬಿಸಿಲು ಬೀಳುವ ಪೂರ್ವದ ಕಿಟಕಿ ಒಳ್ಳೆಯದು, ನನ್ನವೆಲ್ಲ ಇರುವುದು ಅಲ್ಲೇ. ಗಾಜಿನ ಒಳಗೆ ಹಸಿರು ಪಾಚಿ ಬಂದರೆ ಗಾಬರಿ ಬೇಡ, ಉಜ್ಜಿ ತೊಳೆದರಾಯಿತು. ಪದೇ ಪದೇ ಬರುತ್ತಿದ್ದರೆ ಅತಿಥಿಗಳು ಇಲ್ಲದಾಗ ಗಾಜಿಗೆ ಒಂದು ಬಟ್ಟೆ ಸುತ್ತಿಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರು. ಲೇಕಾ ಗುಂಡುಗಳ ಮೇಲೆ, ಗಾಜಿನ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತಿದೆ. ಬೇರಿನ ತುದಿ ಕಪ್ಪಾಗುತ್ತಿದೆ. ಯಾವ ನೀರು ಹಾಕಲಿ?
– ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್, ಬೆಂಗಳೂರು

ತೂತಿಲ್ಲದ ಪಾತ್ರೆಯ ಇನ್ನೊಂದು ತೊಂದರೆ ಇದು, ಇದರ ಬಗ್ಗೆ ಜನ ಮಾತಾಡುವುದು ಕಡಿಮೆ. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಉಪ್ಪು ಅಲ್ಲೇ ಉಳಿಯುತ್ತದೆ. ಮೇಲೆ ಗೊಬ್ಬರದ ಉಪ್ಪು ಬೇರೆ. ತೂತಿದ್ದರೆ ಪ್ರತಿ ಸಲ ಒಂದಿಷ್ಟು ತೊಳೆದು ಹೋಗುತ್ತಿತ್ತು. ಇಲ್ಲಿ ತಿಂಗಳುಗಟ್ಟಲೆ ಸೇರುತ್ತಲೇ ಇರುತ್ತದೆ. ಮೊದಲು ಸುಡುವುದು ಬೇರಿನ ಎಳೆ ತುದಿ.

ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಮೊದಲ ಮಳೆಯ ಧೂಳು ತೊಳೆದುಹೋದ ಮೇಲೆ ಬಾಲ್ಕನಿಯಲ್ಲಿ ಒಂದು ಬಕೆಟ್ ಇಟ್ಟು ಹಿಡಿದು, ಮುಚ್ಚಿಡಿ. ಆರ್‌ಒ ನೀರು ಇದ್ದರೆ ಮೂರು ಪಾಲು ಆರ್‌ಒ, ಒಂದು ಪಾಲು ಬೋರ್‌ವೆಲ್ ಸೇರಿಸಿ. ಬರೀ ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ, ಆ ಒಂದು ಪಾಲು ಅದನ್ನು ಒದಗಿಸುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಅಳತೆ 200ರ ಒಳಗೆ ಇರಲಿ. ಆರ್‌ಒ ಯಂತ್ರ ಹೊರಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಉಪ್ಪು ಇನ್ನೂ ಜಾಸ್ತಿ, ಅದನ್ನು ನೆಲ ಒರೆಸಲು ಬಳಸಿ.

ಒಂದು ಮುಖ್ಯ ವಿಷಯ ವಿಚಾರಿಸಿ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಸಾಫ್ಟ್‌ನರ್ ಘಟಕ ಇರುತ್ತದೆ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ. ಸ್ನಾನಕ್ಕೆ ಚೆನ್ನ, ಆರ್ಕಿಡ್‌ಗೆ ಹಾನಿ.

ಎರಡು ಮೂರು ವಾರಕ್ಕೊಮ್ಮೆ ಗಾಜಿನ ತುಂಬ ಒಳ್ಳೆಯ ನೀರು ಹಾಕಿ, ಹತ್ತು ನಿಮಿಷ ಬಿಟ್ಟು, ಗಿಡವನ್ನು ಕೈಯಲ್ಲಿ ಹಿಡಿದು ಪೂರ್ತಿ ಬಗ್ಗಿಸಿ ಚೆಲ್ಲಿ. ಇನ್ನೊಮ್ಮೆ ಹೀಗೇ ಮಾಡಿ. ಗೊಬ್ಬರ 19:19:19 ಆದರೆ ಲೀಟರಿಗೆ ಕಾಲು ಗ್ರಾಂ ಸಾಕು, ಅದೂ ಹೊಸ ಎಲೆ ಅಥವಾ ಬೇರು ಬರುತ್ತಿರುವಾಗ ಮಾತ್ರ.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ನಮ್ಮ ಹಿತ್ತಲಿನ ಹಲಸಿನ ಮರದ ಕೊಂಬೆ ಮುರಿದುಬಿತ್ತು. ಅದರ ಮೇಲೆ ಸೀತಾಳೆ ದಂಡೆ ಇತ್ತು. ಅದನ್ನು ದೊಡ್ಡ ಗಾಜಿನ ಭರಣಿಯಲ್ಲಿ ಇಟ್ಟು ಬೆಂಗಳೂರಿನಲ್ಲಿರುವ ಮಗನ ಮನೆಗೆ ಕಳಿಸಬಹುದೇ?
– ಕೃಷಿಕರು, ಸಾಗರ

ಬೇಡ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಸೀತಾಳೆ ದಂಡೆ, ವಿಜ್ಞಾನಿಗಳ ರಿಂಕೋಸ್ಟೈಲಿಸ್ ರೆಟ್ಯೂಸ, ನಮ್ಮ ಮಲೆನಾಡಿನ ಹೆಮ್ಮೆ. ಸೀತೆ ಮುಡಿದ ಹೂವು ಅಂತ ಅಜ್ಜಿಯರು ಹೇಳುತ್ತಿದ್ದರು. ಮಳೆ ಹಿಡಿಯುವ ಹೊತ್ತಿಗೆ ಬಿಳಿಯ ಮೇಲೆ ಗುಲಾಬಿ ನೇರಳೆ ಚುಕ್ಕಿಯ ಸಣ್ಣ ಸಣ್ಣ ಹೂವು ಒತ್ತೊತ್ತಾಗಿ ಸೇರಿ, ಉದ್ದದ ದಂಡೆಯಾಗಿ ಇಳಿಬೀಳುತ್ತದೆ. ಅಸ್ಸಾಂನಲ್ಲಿ ಇದಕ್ಕೆ ಕೊಪೌ ಫೂಲ್ ಅನ್ನುತ್ತಾರೆ, ಬಿಹು ಕುಣಿತದಲ್ಲಿ ಹೆಣ್ಣುಮಕ್ಕಳು ತುರುಬಿಗೆ ಸುತ್ತಿಕೊಳ್ಳುತ್ತಾರೆ. ಅಸ್ಸಾಂ, ಅರುಣಾಚಲ ಎರಡಕ್ಕೂ ಇದೇ ರಾಜ್ಯ ಹೂವು. ಕೊಪ್ಪದ ನಮ್ಮನೆ ಅಂಗಳದಲ್ಲಿ ದಂಡೆ ಹೂಬಿಟ್ಟರೆ ಅಪ್ಪ ‘ಇನ್ನು ಸೌದೆ ಒಳಗೆ ಹಾಕಿ’ ಅನ್ನುತ್ತಿದ್ದರು, ಮಳೆ ಹತ್ತಿರ ಬಂತು ಅಂತ.

ಈ ಗಿಡದ ಬೇರು ನೋಡಿ. ಕಿರುಬೆರಳಿನ ಹತ್ತಿರ ಹತ್ತಿರ ದಪ್ಪ, ಕೊಂಬೆಯುದ್ದಕ್ಕೂ ಓಡುತ್ತದೆ, ಎಷ್ಟೋ ಬೇರು ಬರೀ ಗಾಳಿಯಲ್ಲಿ ನೇತಾಡುತ್ತವೆ. ಮಲೆನಾಡಿನ ಮಳೆಯಲ್ಲಿ ತಿಂಗಳುಗಟ್ಟಲೆ ನೆನೆದರೂ ಕೊಳೆಯುವುದಿಲ್ಲ. ಬಿದ್ದ ನೀರು ಆ ಕ್ಷಣವೇ ಹರಿದುಹೋಗುತ್ತದೆ, ಗಾಳಿ ಸುತ್ತ ಆಡುತ್ತಲೇ ಇರುತ್ತದೆ. ಅದನ್ನು ಭರಣಿಗೆ ಇಳಿಸಿದರೆ ಬೇರನ್ನು ಮಡಚಬೇಕು, ಮಡಚಿದರೆ ಮುರಿಯುತ್ತದೆ. ಮುರಿದ ಬೇರು ಒದ್ದೆ ಗಾಜಿನಲ್ಲಿ ಕೊಳೆಯದೆ ಇರುವುದಿಲ್ಲ.

ಅದರ ಜಾಗ ಮತ್ತೆ ಮರವೇ. ಮುರಿದ ಕೊಂಬೆಯಿಂದ ಬೇರು ಕೀಳಬೇಡಿ. ಆ ಕೊಂಬೆಯ ತುಂಡನ್ನೇ ಗಿಡದ ಸಮೇತ ಕೊಯ್ದು, ಇನ್ನೊಂದು ಹಲಸು ಅಥವಾ ಮಾವಿನ ಮರಕ್ಕೆ ಕಟ್ಟಿ. ತೊಗಟೆ ಒರಟಾಗಿರಬೇಕು. ಪೇರಳೆ, ನೀಲಗಿರಿಯಂಥ ಸಿಪ್ಪೆ ಉದುರಿಸುವ ಮರ ಬೇಡ, ಸಿಪ್ಪೆ ಉದುರುವಾಗ ಗಿಡವೂ ಬೀಳುತ್ತದೆ. ತೆಂಗಿನ ನಾರಿನ ಹಗ್ಗ ಅಥವಾ ಹಳೇ ಹತ್ತಿ ಸೀರೆಯ ಪಟ್ಟಿ ಸಾಕು. ನೈಲಾನ್ ಹಗ್ಗ ಬೇರನ್ನು ಕೊಯ್ಯುತ್ತದೆ. ಬೆಳಗಿನ ಬಿಸಿಲು ಸಿಗುವ ಪೂರ್ವದ ಬದಿಗೆ, ಜೂನ್ ಮೊದಲ ಮಳೆಗೆ ಕಟ್ಟಿ. ಹೊಸ ಬೇರು ಮರ ಹಿಡಿಯುವ ಹೊತ್ತಿಗೆ ಬಟ್ಟೆ ತಾನಾಗಿ ಜೀರ್ಣವಾಗಿ ಬೀಳುತ್ತದೆ. ಮಗ ರಜೆಗೆ ಬಂದಾಗ ಅಲ್ಲೇ ನೋಡಲಿ.

ಇದೇ ಪ್ರಶ್ನೆಯನ್ನು ಬೇರೆಯವರೂ ಕೇಳಿದ್ದಾರೆ, ಅವರಿಗೆ: ಕಾಡಿನಿಂದ ಆರ್ಕಿಡ್ ಕಿತ್ತು ತರುವುದು ಅಪರಾಧ. ಸಂತೆಯಲ್ಲಿ, ರಸ್ತೆ ಬದಿಯಲ್ಲಿ ಕಾಡಿನ ಗಿಡ ಮಾರುತ್ತಿದ್ದರೆ ಕೊಳ್ಳಲೇಬೇಡಿ. ಗಾಜಿನಲ್ಲಿ ಇಡಲು ನರ್ಸರಿಯಲ್ಲಿ ಬೆಳೆಸಿದ ಮಿಶ್ರತಳಿಗಳು ಬೇಕಾದಷ್ಟಿವೆ.

ಪ್ರಶ್ನೆ: ಥಾಯ್ಲೆಂಡ್ ತಳಿಯ ವಾಂಡಾ ಆರ್ಕಿಡನ್ನು ಉದ್ದ ಗಾಜಿನ ಹೂದಾನಿಯಲ್ಲಿ ಇಟ್ಟಿರುವ ಚಿತ್ರ ನೋಡಿದೆ. ತೊಗಟೆ, ಮಾಸ್, ಕಲ್ಲು ಏನೂ ಇಲ್ಲ. ಇದು ನಿಜವಾಗಿ ಬದುಕುತ್ತದೆಯೇ?
– ಓದುಗರು, ಮಂಗಳೂರು

ಬದುಕುತ್ತದೆ. ಗಾಜಿನ ತುಂಬ ನೀರು ಹಾಕಿ 20-30 ನಿಮಿಷ ಬಿಡಿ, ಬೇರೆಲ್ಲ ಹಸಿರಾದ ಮೇಲೆ ಒಂದು ಹನಿ ಉಳಿಯದಂತೆ ಚೆಲ್ಲಿ. ಉಳಿದ ಹೊತ್ತು ಖಾಲಿ ಗಾಜು ಬೇರಿನ ಸುತ್ತ ಸ್ವಲ್ಪ ತೇವ ಹಿಡಿದಿಡುತ್ತದೆ. ಒಣಹವೆಯ ಊರುಗಳಲ್ಲಿ ಈ ಪದ್ಧತಿಯಿಂದ ನಿಜಕ್ಕೂ ಲಾಭ ಇದೆ. ಆದರೆ ನೀವಿರುವುದು ಮಂಗಳೂರಿನಲ್ಲಿ. ನಿಮ್ಮ ಗಾಳಿಯಲ್ಲೇ ಬೇಕಾದಷ್ಟು ತೇವ ಇದೆ, ಜುಲೈನಲ್ಲಂತೂ ಗಾಜಿನೊಳಗಿನ ಬೇರು ಒಣಗುವುದೇ ಇಲ್ಲ. ನನ್ನ ಸಲಹೆ, ಮರದ ಪಟ್ಟಿಯ ಬುಟ್ಟಿಯಲ್ಲಿ ಕೂರಿಸಿ ಸಿಟ್‌ಔಟಿನಲ್ಲಿ ತೂಗುಹಾಕಿ. ವಾಂಡಾಗೆ ಫಲೆನಾಪ್ಸಿಸ್‌ಗಿಂತ ತುಂಬ ಜಾಸ್ತಿ ಬೆಳಕು ಬೇಕು, ಅದೂ ಅಲ್ಲಿ ಸಿಗುತ್ತದೆ.

ಪ್ರಶ್ನೆ: ನಿಂತ ನೀರಿನಲ್ಲಿ ಸೊಳ್ಳೆ ಆಗುತ್ತೆ, ಡೆಂಗಿ ಬರುತ್ತೆ ಅಂತ ಅತ್ತೆ ನನ್ನ ಗಾಜಿನ ಆರ್ಕಿಡ್‌ಗಳನ್ನೆಲ್ಲ ಹೊರಗೆ ಹಾಕಲು ಹೇಳುತ್ತಿದ್ದಾರೆ. ಅವರ ಮಾತು ಸರಿಯೇ?
– ಗೃಹಿಣಿ, ಹುಬ್ಬಳ್ಳಿ

ಅತ್ತೆಯ ಮಾತು ಸರಿ. ಡೆಂಗಿ ಹರಡುವ ಏಡಿಸ್ ಸೊಳ್ಳೆಗೆ ಬೇಕಾದ್ದು ಕೊಚ್ಚೆ ಅಲ್ಲ, ನಿಮ್ಮ ಹೂದಾನಿಯಲ್ಲಿ ಇರುವಂಥ ತಿಳಿನೀರು. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಏಳರಿಂದ ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ದಂಡ ಹಾಕುವ ನಿಯಮ ತಂದದ್ದು ನೆನಪಿರಬಹುದು.

ಗಿಡ ಹೊರಹಾಕುವ ಅಗತ್ಯ ಇಲ್ಲ, ಅಭ್ಯಾಸ ಬದಲಿಸಿ. ಎರಡು ದಿನ ನೀರು, ಐದು ದಿನ ಒಣ ಅನ್ನುವ ಕ್ರಮದಲ್ಲಿ ಹುಳುವಿಗೆ ಬೆಳೆಯಲು ಸಮಯವೇ ಸಿಗುವುದಿಲ್ಲ. ಲೇಕಾ ಇದ್ದರೆ ತಳದ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಹೊಸದು ಹಾಕಿ. ನೀರು ಚೆಲ್ಲಿದರೆ ಮಾತ್ರ ಸಾಲದು. ಏಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಗಾಜಿನ ಗೋಡೆಗೆ ಅಂಟಿಸಿ. ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಬ್ರಷ್ ಹಾಕಿ ಒಳಗೋಡೆ ತಿಕ್ಕಿ ತೊಳೆಯಿರಿ. ಅತ್ತೆಯವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ, ಅವರಿಗೂ ಸಮಾಧಾನ.

ಪ್ರಶ್ನೆ: ಮುಚ್ಚಿದ ಬಾಟಲಿಯಲ್ಲಿ, ಜೆಲ್ಲಿಯ ಮೇಲೆ ಆರ್ಕಿಡ್ ಮರಿಗಳನ್ನು ಬೆಳೆಸಿ ಮಾರುತ್ತಾರೆ. ಅದಕ್ಕೆ ತೂತೂ ಇಲ್ಲ, ಮುಚ್ಚಳವೂ ತೆಗೆಯುವುದಿಲ್ಲ. ಅವು ಯಾಕೆ ಕೊಳೆಯುವುದಿಲ್ಲ?
– ಬಿಎಸ್ಸಿ ವಿದ್ಯಾರ್ಥಿನಿ, ಧಾರವಾಡ

ಈ ಪ್ರಶ್ನೆ ಓದಿ ನನಗೆ ತುಂಬ ಖುಷಿಯಾಯಿತು. ಒಳಗೆ ಕೊಳೆಸುವವರು ಯಾರೂ ಇಲ್ಲ, ಅದಕ್ಕೇ ಕೊಳೆಯುವುದಿಲ್ಲ. ಬಾಟಲಿ, ಜೆಲ್ಲಿ ಎಲ್ಲವನ್ನೂ ಆಟೊಕ್ಲೇವ್‌ನಲ್ಲಿ 121 ಡಿಗ್ರಿ ಹಬೆಯಲ್ಲಿ ಇಟ್ಟು ಒಂದೂ ಶಿಲೀಂಧ್ರ, ಬ್ಯಾಕ್ಟೀರಿಯಾ ಉಳಿಯದಂತೆ ಮಾಡಿರುತ್ತಾರೆ. ಜೆಲ್ಲಿ ಅಂದರೆ ಅಗರ್, ಅದರಲ್ಲಿ ಸಕ್ಕರೆ ಮತ್ತು ಲವಣ. ಮರಿಗಳ ಬೇರೂ ನೀರಿನಲ್ಲಿ ಮುಳುಗಿರುವುದಿಲ್ಲ, ಎಷ್ಟೋ ಬೇರು ಜೆಲ್ಲಿಯ ಮೇಲೆಯೇ ಹರಿದಾಡುತ್ತವೆ.

ಇದರ ಹಿಂದಿನ ಕತೆ ಗೊತ್ತಿರಲಿ. ಆರ್ಕಿಡ್ ಬೀಜ ಧೂಳಿನಷ್ಟು ಚಿಕ್ಕದು, ಅದರಲ್ಲಿ ಮೊಳಕೆಗೆ ಬೇಕಾದ ಆಹಾರದ ಗಂಟು ಇಲ್ಲ. ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜ ಇದ್ದರೂ ತೋಟಗಾರರಿಗೆ ಮೊಳೆಸುವುದು ತುಂಬ ಕಷ್ಟವಾಗಿತ್ತು. 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್, ಕಾಡಿನಲ್ಲಿ ಈ ಬೀಜ ಮೊಳೆಯಲು ಒಂದು ಶಿಲೀಂಧ್ರದ ನೆರವು ಬೇಕು ಅಂತ ಕಂಡುಕೊಂಡರು. 1922ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್, ಶಿಲೀಂಧ್ರ ಇಲ್ಲದೆಯೂ ಸಕ್ಕರೆ ಬೆರೆಸಿದ ಅಗರ್ ಮೇಲೆ ಬೀಜ ಮೊಳೆಸಬಹುದು ಅಂತ ತೋರಿಸಿದರು. ಶ್ರೀಮಂತರ ಗಾಜಿನ ಮನೆಯಲ್ಲಿದ್ದ ಆರ್ಕಿಡ್ ನಮ್ಮ ನಿಮ್ಮ ಕಿಟಕಿಗೆ ಬಂದದ್ದರಲ್ಲಿ ಆ ಬಾಟಲಿಯ ಪಾಲು ದೊಡ್ಡದು. ಗಿಡದ ಚಿಕ್ಕ ತುಣುಕಿನಿಂದಲೇ ಹೊಸ ಗಿಡ ಬೆಳೆಸುವ ಅಂಗಾಂಶ ಕೃಷಿ ಅದರ ಮುಂದಿನ ಹೆಜ್ಜೆ. ಸಿಕ್ಕಿಂನ ಪಾಕ್ಯೋಂಗ್‌ನಲ್ಲಿ 1996ರಲ್ಲಿ ಶುರುವಾದ ರಾಷ್ಟ್ರೀಯ ಆರ್ಕಿಡ್ ಸಂಶೋಧನಾ ಕೇಂದ್ರ ಇದೆ. ನಿಮ್ಮಂಥ ವಿದ್ಯಾರ್ಥಿಗಳು ಅಲ್ಲಿಗೆ ಒಮ್ಮೆ ಹೋಗಿ ನೋಡಬೇಕು.

ಬಾಟಲಿ ಕೊಂಡರೆ ಒಂದು ಎಚ್ಚರ. ಮುಚ್ಚಳ ತೆಗೆದ ಮೇಲೆ ಮರಿಗಳನ್ನು ಅದರಲ್ಲೇ ಬಿಡಬೇಡಿ. ಸಕ್ಕರೆ ಇರುವ ಜೆಲ್ಲಿಗೆ ಎರಡು ಮೂರು ದಿನದಲ್ಲಿ ಬೂಷ್ಟು ಹತ್ತುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಜೆಲ್ಲಿ ಪೂರ್ತಿ ತೊಳೆದು, ಸಡಿಲವಾದ ಮಾಸ್ ಇರುವ ತೂತಿನ ತಟ್ಟೆಯಲ್ಲಿ ಎಲ್ಲ ಮರಿಗಳನ್ನೂ ಒಟ್ಟಿಗೆ ನೆಡಿ. ಮೊದಲ ಕೆಲವು ವಾರ ಮೇಲೆ ಪಾರದರ್ಶಕ ಮುಚ್ಚಳ ಇಟ್ಟು, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ತೆರೆಯುತ್ತ ಹೊರಗಿನ ಗಾಳಿಗೆ ಒಗ್ಗಿಸಿ. ಫಲೆನಾಪ್ಸಿಸ್ ಆದರೆ ಹೂವಿಗೆ ಇನ್ನೂ ಎರಡು ಮೂರು ವರ್ಷ ಕಾಯಬೇಕು.

ಪ್ರಶ್ನೆ: ಗಾಜಿನ ಜಾಡಿಯೊಳಗೆ ಪುಟ್ಟ ಕಾಡು ಮಾಡುವ ಆಸೆ. ಅದರೊಳಗೆ ಬದುಕುವ ಆರ್ಕಿಡ್ ಇದೆಯೇ?
– ಓದುಗರು, ಮಡಿಕೇರಿ

ಇದೆ, ಲೂಡೀಸಿಯಾ. ಕಡುಗೆಂಪು ಮಖಮಲ್ಲಿನ ಎಲೆ, ಮೇಲೆ ತಾಮ್ರದ ಬಣ್ಣದ ಗೆರೆ. ಕಾಡಿನ ನೆಲದಲ್ಲಿ ದರಗೆಲೆಯ ನಡುವೆ ತೆವಳಿ ಬೆಳೆಯುವ ಗಿಡವಾದ್ದರಿಂದ ಮರದ ಆರ್ಕಿಡ್‌ಗಳಿಗಿಂತ ತೇವ ತಡೆದುಕೊಳ್ಳುತ್ತದೆ, ನೆರಳೂ ಸಾಕು. ಮುಚ್ಚಳ ಮಾತ್ರ ಸ್ವಲ್ಪ ಓರೆಯಾಗಿರಲಿ. ಗಾಜಿನೊಳಗೆ ಗಿಡ ಸಾಕುವ ಈ ಹುಚ್ಚಿಗೆ ಮೂಲ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್. 1829ರಲ್ಲಿ ಪತಂಗದ ಕೋಶ ಇಟ್ಟಿದ್ದ ಮುಚ್ಚಿದ ಬಾಟಲಿಯಲ್ಲಿ ತಾನಾಗಿ ಜರೀಗಿಡ ಹುಟ್ಟಿದ್ದು ನೋಡಿ ಅವರು ಗಾಜಿನ ಪೆಟ್ಟಿಗೆ ಮಾಡಿಸಿದರು. 1833ರಲ್ಲಿ ಅಂಥ ಪೆಟ್ಟಿಗೆಗಳಲ್ಲಿ ಗಿಡಗಳು ಸಮುದ್ರ ದಾಟಿ ಸಿಡ್ನಿಗೆ ಜೀವಂತ ತಲುಪಿದವು.

ಪ್ರಶ್ನೆ: ಎರಡು ವರ್ಷದಿಂದ ಎಲೆ, ಬೇರು ಚೆನ್ನಾಗಿವೆ, ಹೂವೇ ಇಲ್ಲ. ಗಾಜು ಕಾರಣವೇ?
– ಓದುಗರು, ಹಾಸನ

ಗಾಜು ಕಾರಣ ಅಲ್ಲ. ಬೆಳಕು ಸಾಲುತ್ತಿಲ್ಲ, ಅಥವಾ ರಾತ್ರಿಯ ತಂಪು ಸಿಗುತ್ತಿಲ್ಲ. ಫಲೆನಾಪ್ಸಿಸ್ ಹೂಕಡ್ಡಿ ಬಿಡಲು ಕೆಲವು ವಾರ 25 ಡಿಗ್ರಿಗಿಂತ ತಂಪಾದ ವಾತಾವರಣ ಬೇಕು. ಹಾಸನದ ಚಳಿಗಾಲ ಇದಕ್ಕೆ ಹೇಳಿ ಮಾಡಿಸಿದ್ದು. ನವೆಂಬರ್‌ನಿಂದ ಗಿಡವನ್ನು ಹಾಲಿನ ಟೀಪಾಯಿಯಿಂದ ಎತ್ತಿ, ತೆರೆದ ಕಿಟಕಿಯ ಪಕ್ಕ ಇಡಿ.

ಪ್ರಶ್ನೆ: ಗಾಜಿನ ಬಟ್ಟಲಿಗೆ ನಾವೇ ತೂತು ಕೊರೆಯಬಹುದೇ?
– ಓದುಗರು, ತುಮಕೂರು

ಕೊರೆಯಬಹುದು. ಡೈಮಂಡ್ ಕೋರ್ ಬಿಟ್ ಅಂತ ಕೇಳಿ, 8 ಅಥವಾ 10 ಮಿಲಿಮೀಟರ್ ಸಾಕು. ಬಟ್ಟಲನ್ನು ದಪ್ಪ ಬಟ್ಟೆಯ ಮೇಲೆ ಬೋರಲು ಹಾಕಿ, ಕನ್ನಡಕ ಮತ್ತು ಕೈಗವಸು ಹಾಕಿಕೊಳ್ಳಿ. ಬ್ಯಾಟರಿಯಲ್ಲಿ ನಡೆಯುವ ಡ್ರಿಲ್ ಬಳಸಿ, ನೀರು ಇರುವ ಕಡೆ ಕರೆಂಟಿನ ಡ್ರಿಲ್ ಬೇಡ. ಕೊರೆಯುವ ಜಾಗಕ್ಕೆ ಹನಿ ಹನಿ ನೀರು ಬೀಳುತ್ತಲೇ ಇರಲಿ, ನಿಧಾನ ವೇಗದಲ್ಲಿ, ಒತ್ತದೆ ಕೊರೆಯಿರಿ. ಕೊನೆಯ ತೆಳು ಪದರ ಬಂದಾಗ ಇನ್ನೂ ಹಗುರ ಕೈ. ಟಫನ್ಡ್ ಗಾಜು ಆದರೆ ಮುಟ್ಟಬೇಡಿ, ಬಿಟ್ ತಾಗಿದರೆ ಇಡೀ ಬಟ್ಟಲು ಚೂರುಚೂರಾಗುತ್ತದೆ. ತೂತಾದ ಮೇಲೆ ಅಡಿಗೆ ಒಂದು ತಟ್ಟೆ ಇಡಿ, ಅದರಲ್ಲಿ ಬಿದ್ದ ನೀರನ್ನು ಆಗಿಂದಾಗ ಚೆಲ್ಲಿ.